ಅದೇ ಸೂಜಿ, ಬೇರೆ ಬೇರೆ ಫಲ: ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕುರಿತ ಉಪನ್ಯಾಸ

ಇಬ್ಬರು ಗಂಡಸರಿಗೆ ಟೆಸ್ಟೋಸ್ಟೆರಾನ್, ಅಂದರೆ ಗಂಡಸರ ಹಾರ್ಮೋನ್, ಕಡಿಮೆ ಅಂತ ರಿಪೋರ್ಟ್ ಬಂದಿದೆ ಅಂದುಕೊಳ್ಳಿ. ಇಬ್ಬರಿಗೂ ಮೂರು ವಾರಕ್ಕೊಂದು 250 ಮಿಲಿಗ್ರಾಂ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ಆರು ತಿಂಗಳಾದ ಮೇಲೆ ಒಬ್ಬರು, "ಹತ್ತು ವರ್ಷ ಕಡಿಮೆಯಾದ ಹಾಗಿದೆ ಡಾಕ್ಟ್ರೇ" ಅನ್ನುತ್ತಾರೆ. ಇನ್ನೊಬ್ಬರು, "ಸುಮ್ನೆ ದುಡ್ಡು ಹೋಯಿತು" ಅನ್ನುತ್ತಾರೆ. ಔಷಧಿ ಒಂದೇ, ಡೋಸ್ ಒಂದೇ, ಕೆಲವೊಮ್ಮೆ ಔಷಧಿ ಅಂಗಡಿಯೂ ಒಂದೇ.

ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರ ಒಂದಿದೆ: ಒಬ್ಬೊಬ್ಬರ ದೇಹಪ್ರಕೃತಿ ಒಂದೊಂದು ಥರ. ಸುಳ್ಳಲ್ಲ. ಆದರೆ ಅಷ್ಟು ಹೇಳಿ ಎದ್ದು ಹೋದರೆ ಏನೂ ಹೇಳಿದ ಹಾಗಾಗುವುದಿಲ್ಲ. ನನ್ನ ಅನುಭವದಲ್ಲಿ ಈ ವ್ಯತ್ಯಾಸದ ದೊಡ್ಡ ಪಾಲಿಗೆ ಕಾರಣ ಹುಡುಕಿದರೆ ಸಿಗುತ್ತದೆ. ರಕ್ತ ಕೊಟ್ಟ ದಿನ ಯಾವುದು, ಸೂಜಿ ಹೋಗಿದ್ದು ಎಲ್ಲಿಗೆ, ಮೊದಲಿಗೆ ಆ ಮನುಷ್ಯನಿಗೆ ಇದ್ದ ತೊಂದರೆ ಏನು, ಇವನ್ನು ಕೇಳಬೇಕು ಅಷ್ಟೆ. ಕೇಳದೆ ಡೋಸ್ ಏರಿಸುವುದು ನಮ್ಮಲ್ಲಿ ಜಾಸ್ತಿ ಆಗಿದೆ.

ಮೊದಲು ಆ ಪುಟ್ಟ ಗಾಜಿನ ಆಂಪ್ಯೂಲ್ ಒಳಗೆ ಏನಿದೆ ನೋಡೋಣ.

ಶುದ್ಧ ಟೆಸ್ಟೋಸ್ಟೆರಾನ್ ಅನ್ನು ನೇರ ರಕ್ತಕ್ಕೆ ಕೊಟ್ಟರೆ ಒಂದೆರಡು ಗಂಟೆಯೊಳಗೆ ಹೆಚ್ಚಿನ ಪಾಲು ಹೋಗಿಬಿಡುತ್ತದೆ. ಯಕೃತ್ತು ಅದನ್ನು ಉಳಿಯಲು ಬಿಡುವುದಿಲ್ಲ. ಅದಕ್ಕೇ ರಸಾಯನಶಾಸ್ತ್ರಜ್ಞರು ಟೆಸ್ಟೋಸ್ಟೆರಾನ್‌ಗೆ ಒಂದು ಕೊಬ್ಬಿನಾಮ್ಲದ ಬಾಲ ಕಟ್ಟಿದರು. ಇದಕ್ಕೆ ಎಸ್ಟರ್ ಅನ್ನುತ್ತಾರೆ. ಇದನ್ನು ಎಣ್ಣೆಯಲ್ಲಿ ಕರಗಿಸಿ ಚುಚ್ಚುತ್ತಾರೆ. ಬಾಲ ಉದ್ದವಾದಷ್ಟೂ ಅಣು ಎಣ್ಣೆಯನ್ನು ಬಿಟ್ಟು ಬರಲು ತಡಮಾಡುತ್ತದೆ. ಪ್ರೊಪಿಯೊನೇಟ್ ಅನ್ನುವುದು ಗಿಡ್ಡ ಬಾಲ, ಒಂದೆರಡು ದಿನದ ಕೆಲಸ. ಎನಾಂಥೇಟ್, ಸಿಪಿಯೊನೇಟ್ ಮಧ್ಯಮ, ಒಂದೆರಡು ವಾರ. ಅನ್‌ಡೆಕನೊಯೇಟ್ ಉದ್ದ ಬಾಲ, ಅದು ಎರಡೂವರೆ ಮೂರು ತಿಂಗಳವರೆಗೂ ಎಳೆಯುತ್ತದೆ.

ಮಾಂಸಖಂಡದೊಳಗೆ ಕೂತ ಎಣ್ಣೆಯ ಹನಿಯನ್ನು ಕೆರೆ ಅಂದುಕೊಳ್ಳಿ. ಎಸ್ಟರ್ ಅದರ ತೂಬು. ಗದ್ದೆಗೆ ನೀರು ಎಷ್ಟು ಬರುತ್ತದೆ ಅನ್ನುವುದು ಗದ್ದೆ ಎಷ್ಟು ಬೇಗ ಹೀರುತ್ತದೆ ಅನ್ನುವುದರ ಮೇಲಿಲ್ಲ, ತೂಬು ಎಷ್ಟು ಬಿಡುತ್ತದೆ ಅನ್ನುವುದರ ಮೇಲಿದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಎಷ್ಟು ದಿನ ನಿಲ್ಲುತ್ತದೆ ಅನ್ನುವುದನ್ನು ನಿರ್ಧರಿಸುವುದು ಈ ತೂಬೇ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಲೇಬಲ್ ಮೇಲಿನ ಮಿಲಿಗ್ರಾಂ ಬಾಲವನ್ನೂ ಸೇರಿಸಿದ ತೂಕ. ಎನಾಂಥೇಟ್‌ನಲ್ಲಿ ನಿಜವಾದ ಟೆಸ್ಟೋಸ್ಟೆರಾನ್ ನೂರಕ್ಕೆ 72 ಭಾಗ. ಅನ್‌ಡೆಕನೊಯೇಟ್‌ನಲ್ಲಿ 63. ನಮ್ಮಲ್ಲಿ ಹಳೆಯ ಕಾಲದಿಂದ ಬಳಕೆಯಲ್ಲಿರುವ ಸಸ್ಟನಾನ್ 250ರಲ್ಲಿ ನಾಲ್ಕು ಬೇರೆ ಬೇರೆ ಎಸ್ಟರ್‌ಗಳ ಮಿಶ್ರಣ ಇದೆ: ಪ್ರೊಪಿಯೊನೇಟ್ 30, ಫಿನೈಲ್‌ಪ್ರೊಪಿಯೊನೇಟ್ 60, ಐಸೊಕ್ಯಾಪ್ರೊಯೇಟ್ 60, ಡೆಕನೊಯೇಟ್ 100 ಮಿಲಿಗ್ರಾಂ. ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ನಿಜವಾದ ಟೆಸ್ಟೋಸ್ಟೆರಾನ್ 176 ಮಿಲಿಗ್ರಾಂ. ಹಾಗಾಗಿ "ನನಗೂ 250, ಅವನಿಗೂ 250" ಅನ್ನುವಾಗ ಯಾವ 250 ಅಂತ ಕೇಳಲೇಬೇಕು.

ಎಣ್ಣೆಯ ವಿಷಯ ಬಂದಿದ್ದರಿಂದ ಒಂದು ಮಾತು. ಸಸ್ಟನಾನ್‌ನಲ್ಲಿರುವುದು ಕಡಲೆಕಾಯಿ ಎಣ್ಣೆ. ಎನಾಂಥೇಟ್ ಕೆಲವು ಕಂಪನಿಗಳಲ್ಲಿ ಹರಳೆಣ್ಣೆಯಲ್ಲಿ ಬರುತ್ತದೆ, ಕೆಲವದರಲ್ಲಿ ಎಳ್ಳೆಣ್ಣೆಯಲ್ಲಿ. ಅಮೆರಿಕದ ಸಿಪಿಯೊನೇಟ್ ಹತ್ತಿಬೀಜದ ಎಣ್ಣೆಯಲ್ಲಿ. ಕಡಲೆಕಾಯಿ ಅಲರ್ಜಿ ಇರುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಹರಳೆಣ್ಣೆ ಎಷ್ಟು ದಪ್ಪ ಅಂತ ಮನೆಯಲ್ಲಿ ತಲೆಗೆ ಹಚ್ಚಿಸಿಕೊಂಡವರಿಗೆ ಗೊತ್ತು. ಅದು ಸೂಜಿಯೊಳಗೂ ಅಷ್ಟೇ ದಪ್ಪ. ಅದರ ಪರಿಣಾಮ ಏನು ಅಂತ ಮುಂದೆ ಹೇಳುತ್ತೇನೆ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ರಕ್ತ ಕೊಟ್ಟಿದ್ದು ಯಾವ ದಿನ?

ಸಸ್ಟನಾನ್‌ನ ಅಧಿಕೃತ ಔಷಧಿ ಮಾಹಿತಿಯಲ್ಲೇ ಇದು ಸ್ಪಷ್ಟವಾಗಿದೆ. ಒಂದು ಇಂಜೆಕ್ಷನ್ ಆದ 24ರಿಂದ 48 ಗಂಟೆಯೊಳಗೆ ರಕ್ತದ ಮಟ್ಟ ಲೀಟರಿಗೆ ಸುಮಾರು 70 ನ್ಯಾನೊಮೋಲ್ ಮುಟ್ಟುತ್ತದೆ. ನಮ್ಮ ಲ್ಯಾಬ್‌ಗಳ ಭಾಷೆಯಲ್ಲಿ ಡೆಸಿಲೀಟರಿಗೆ 2000 ನ್ಯಾನೋಗ್ರಾಂ. ಆರೋಗ್ಯವಂತ ಯುವಕನಲ್ಲಿ ಇದು ಸುಮಾರು 300ರಿಂದ 1000ದೊಳಗೆ ಇರುತ್ತದೆ. ಇಪ್ಪತ್ತೊಂದನೇ ದಿನದ ಹೊತ್ತಿಗೆ ಅದೇ ಮನುಷ್ಯನ ಮಟ್ಟ ಸಾಮಾನ್ಯ ಮಿತಿಯ ಕೆಳ ಅಂಚಿಗೆ ಬಂದಿರುತ್ತದೆ. ಅಂದರೆ ಎರಡನೇ ದಿನ ರಕ್ತ ಕೊಟ್ಟರೆ "ಅಯ್ಯೋ, ಇಷ್ಟು ಜಾಸ್ತಿ, ಡೋಸ್ ಇಳಿಸಿ". ಇಪ್ಪತ್ತನೇ ದಿನ ಕೊಟ್ಟರೆ "ಸಾಲುತ್ತಿಲ್ಲ, ಏರಿಸಿ". ಮನುಷ್ಯ ಒಬ್ಬನೇ, ಔಷಧಿಯೂ ಒಂದೇ!

ಎನಾಂಥೇಟ್ ಲೆಕ್ಕ ನೀವೇ ಹಾಕಬಹುದು. ಅರ್ಧ ಖಾಲಿಯಾಗಲು ಸುಮಾರು ನಾಲ್ಕೂವರೆ ದಿನ. ಏಳನೇ ದಿನಕ್ಕೆ ಮೂರರಲ್ಲಿ ಒಂದು ಪಾಲು ಉಳಿದಿರುತ್ತದೆ. ಹದಿನಾಲ್ಕನೇ ದಿನಕ್ಕೆ ಎಂಟರಲ್ಲಿ ಒಂದು ಪಾಲೂ ಇರುವುದಿಲ್ಲ. ಇಪ್ಪತ್ತೊಂದನೇ ದಿನಕ್ಕೆ ನೂರಕ್ಕೆ ನಾಲ್ಕು. ಇದು ಕಾಗದದ ಮೇಲಿನ ಲೆಕ್ಕ, ದೇಹದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಆದರೆ ರೋಗಿಗಳು ಹೇಳುವ ಮಾತು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮೊದಲ ವಾರ ಹುರುಪು, ಆಸೆ, ಕೆಲವರಿಗೆ ಸಿಟ್ಟು ಮತ್ತು ಮುಖದ ಮೇಲೆ ಮೊಡವೆ. ಎರಡನೇ ವಾರ ಸರಿ. ಮೂರನೇ ವಾರ ಮತ್ತೆ ಅದೇ ಸುಸ್ತು. ಮನೆಯಾಕೆ ಕ್ಯಾಲೆಂಡರ್ ನೋಡದೆಯೇ "ಇವರ ಸೂಜಿ ದಿನ ಹತ್ತಿರ ಬಂತು" ಅನ್ನುತ್ತಾರೆ.

1980ರಲ್ಲೇ ಅಮೆರಿಕದ ಸ್ನೈಡರ್ ಮತ್ತು ಲಾರೆನ್ಸ್ ಇದನ್ನು ಪರೀಕ್ಷೆ ಮಾಡಿದ್ದರು. ವಾರಕ್ಕೆ 100, ಎರಡು ವಾರಕ್ಕೆ 200, ಮೂರಕ್ಕೆ 300, ನಾಲ್ಕಕ್ಕೆ 400. ಸರಾಸರಿ ನೋಡಿದರೆ ಎಲ್ಲವೂ ಒಂದೇ. ಆದರೆ ಅಂತರ ಹೆಚ್ಚಾದಷ್ಟೂ ಏರಿಳಿತ ಜಾಸ್ತಿಯಾಯಿತು. ನಾಲ್ಕು ವಾರದ ಪದ್ಧತಿ ಕೊನೆಯವರೆಗೆ ತಡೆಯಲಿಲ್ಲ. ಇದು ಗೊತ್ತಿದ್ದೂ ನಮ್ಮಲ್ಲಿ ತಿಂಗಳಿಗೊಂದು ಸೂಜಿ ಇನ್ನೂ ನಡೆಯುತ್ತಿದೆ. ಯಾಕೆ ಅಂತ ನನಗೂ ಅರ್ಥವಾಗುತ್ತದೆ. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಬರಬೇಕು, ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಪ್ರತಿ ವಾರ ಬನ್ನಿ ಅಂದರೆ ಎರಡನೇ ತಿಂಗಳು ಬರುವುದೇ ಇಲ್ಲ. ಆದರೆ ಆ ಸೌಕರ್ಯಕ್ಕೆ ಬೆಲೆ ತೆರುವುದು ರೋಗಿಯ ಮೂರನೇ ವಾರ ಮತ್ತು ನಾಲ್ಕನೇ ವಾರ. ಆಗ "ಔಷಧಿ ಕೆಲಸ ಮಾಡುತ್ತಿಲ್ಲ" ಅಂತ ಡೋಸ್ ಏರಿಸುವುದಲ್ಲ, ಅಂತರ ಕಡಿಮೆ ಮಾಡುವುದು ಸರಿ. ಅದೇ ಪ್ರಮಾಣವನ್ನು ಒಡೆದು ಕೊಟ್ಟರೆ ಎಷ್ಟೋ ಜನರ ದೂರು ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ರಕ್ತ ಯಾವಾಗ ಕೊಡಬೇಕು? ಅಮೆರಿಕದ ಹಾರ್ಮೋನ್ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ 2018ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಎನಾಂಥೇಟ್ ಅಥವಾ ಸಿಪಿಯೊನೇಟ್ ತೆಗೆದುಕೊಳ್ಳುವವರು ಎರಡು ಸೂಜಿಗಳ ನಡುವಿನ ದಿನ ಕೊಡಬೇಕು. ಅಲ್ಲಿ 350ರಿಂದ 600ರೊಳಗೆ ಇದ್ದರೆ ಸರಿ. ಅನ್‌ಡೆಕನೊಯೇಟ್ ಆದರೆ ಮುಂದಿನ ಸೂಜಿಗೆ ಸ್ವಲ್ಪ ಮೊದಲು. ನಿಮ್ಮಲ್ಲಿ ಯಾರಾದರೂ ಈ ಚಿಕಿತ್ಸೆಯಲ್ಲಿದ್ದರೆ, ದಯವಿಟ್ಟು ಲ್ಯಾಬ್ ಚೀಟಿಯ ಮೇಲೆ ಕೊನೆಯ ಇಂಜೆಕ್ಷನ್ ತಾರೀಖು ಬರೆಸಿ. ಆ ತಾರೀಖು ಇಲ್ಲದ ರಿಪೋರ್ಟ್ ನೋಡಿ ಏನೂ ಹೇಳಲು ಬರುವುದಿಲ್ಲ.

ಚಿಕಿತ್ಸೆ ಶುರುವಾಗುವ ಮೊದಲಿನ ಪರೀಕ್ಷೆಗೂ ಒಂದು ಶಿಸ್ತು ಇದೆ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ. ಸಕ್ಕರೆ ತಿಂದ ಮೇಲೆ ಟೆಸ್ಟೋಸ್ಟೆರಾನ್ ತಾತ್ಕಾಲಿಕವಾಗಿ ಇಳಿಯುತ್ತದೆ. ಮಧ್ಯಾಹ್ನ ಊಟ ಮಾಡಿ, ಹೇಗೂ ಆ ಕಡೆ ಹೋಗಿದ್ದೆ ಅಂತ ಕೊಟ್ಟ ರಕ್ತದಲ್ಲಿ 260 ಬಂದರೆ ಅದು ಕೊರತೆ ಅಂತ ಖಾತ್ರಿಯಾಗಿ ಹೇಳಲಾಗದು. ಕೂದಲಿಗೆ ಒಳ್ಳೆಯದು ಅಂತ ಬಯೋಟಿನ್ ಮಾತ್ರೆ ನುಂಗುವವರು ಈಗ ಬಹಳ ಜನ. ಕೆಲವು ಲ್ಯಾಬ್ ಯಂತ್ರಗಳಲ್ಲಿ ಅದು ಟೆಸ್ಟೋಸ್ಟೆರಾನ್ ಮಟ್ಟವನ್ನು ಸುಳ್ಳುಸುಳ್ಳೇ ಹೆಚ್ಚಾಗಿ ತೋರಿಸುತ್ತದೆ. ಅದನ್ನೂ ಹೇಳಿ.

ಇನ್ನು ಸೂಜಿ ಹೋಗುವ ಜಾಗ. ಸೊಂಟದ ಇಂಜೆಕ್ಷನ್ ಅನ್ನುತ್ತೇವೆ, ಅದು ಮಾಂಸಖಂಡಕ್ಕೆ ಹೋಗಬೇಕು ಅಂತ ಇರುತ್ತದೆ. ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನಗಳಲ್ಲಿ, ದಪ್ಪ ಇರುವವರಲ್ಲಿ ಎಷ್ಟೋ ಸಲ ಅದು ಕೊಬ್ಬಿನಲ್ಲೇ ನಿಂತಿರುವುದು ಕಂಡಿದೆ. ಸೂಜಿಯ ಉದ್ದ ಸಾಲುವುದಿಲ್ಲ ಅಷ್ಟೆ. ಕೊಬ್ಬಿಗೆ ಹೋದರೆ ಔಷಧಿ ವ್ಯರ್ಥ ಅಂತ ಅಲ್ಲ. ಎನಾಂಥೇಟ್ ಅನ್ನು ಬೇಕೆಂದೇ ಚರ್ಮದ ಕೆಳಗೆ ಕೊಡುವ ಸಾಧನಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಒಮ್ಮೆ ಮಾಂಸಖಂಡಕ್ಕೆ, ಒಮ್ಮೆ ಕೊಬ್ಬಿಗೆ, ಒಮ್ಮೆ ತೋಳಿಗೆ ಅಂತ ಆದರೆ ಎಣ್ಣೆ ಕರಗುವ ವೇಗ ಬದಲಾಗುತ್ತಿರುತ್ತದೆ. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ಮಿಂಟೊ ಮತ್ತು ಸಂಗಡಿಗರು ಇದೇ ಜಾತಿಯ ನ್ಯಾಂಡ್ರೊಲೋನ್ ಔಷಧಿಯನ್ನು ತೆಗೆದುಕೊಂಡು ಅಳೆದು ನೋಡಿದರು. ಅದೇ ಪ್ರಮಾಣದ ಔಷಧಿಯನ್ನು ಒಂದು ಎಂ.ಎಲ್. ಎಣ್ಣೆಯಲ್ಲಿ ಕೊಟ್ಟಾಗ ಮತ್ತು ನಾಲ್ಕು ಎಂ.ಎಲ್. ಎಣ್ಣೆಯಲ್ಲಿ ಕೊಟ್ಟಾಗ, ಸೊಂಟಕ್ಕೆ ಕೊಟ್ಟಾಗ ಮತ್ತು ತೋಳಿಗೆ ಕೊಟ್ಟಾಗ ರಕ್ತದ ಮಟ್ಟ ಬೇರೆ ಬೇರೆ ಬಂತು.

ಹರಳೆಣ್ಣೆ ಅಂದೆನಲ್ಲ. ಅನ್‌ಡೆಕನೊಯೇಟ್ 1000 ಮಿಲಿಗ್ರಾಂ ನಾಲ್ಕು ಎಂ.ಎಲ್. ಹರಳೆಣ್ಣೆಯಲ್ಲಿ ಬರುತ್ತದೆ. ಅದನ್ನು ಎರಡು ನಿಮಿಷ ಹಿಡಿದು ನಿಧಾನ ಕೊಡಬೇಕು. ಹೊರಗೆ ಇಪ್ಪತ್ತು ಜನ ಕಾಯುತ್ತಿರುವಾಗ ಯಾವ ಸಿಸ್ಟರ್‌ಗೆ ಎರಡು ನಿಮಿಷ ಸಿಗುತ್ತದೆ ಹೇಳಿ. ಅವಸರದಲ್ಲಿ ಕೊಟ್ಟರೆ ನೋವು, ಹೊರಗೆ ಸೋರುವುದು ಎರಡೂ ಆಗಬಹುದು. ಅಪರೂಪಕ್ಕೆ ಎಣ್ಣೆಯ ಸಣ್ಣ ಹನಿಗಳು ರಕ್ತನಾಳ ಹಿಡಿದು ಶ್ವಾಸಕೋಶಕ್ಕೆ ಹೋಗಿ, ಸೂಜಿ ತೆಗೆದ ಕೂಡಲೇ ಜೋರು ಕೆಮ್ಮು, ಉಸಿರಾಟದ ಕಷ್ಟ ಬರುತ್ತದೆ. ಅಮೆರಿಕದಲ್ಲಿ ಈ ಔಷಧಿ ಪಡೆದವರನ್ನು ಅರ್ಧ ಗಂಟೆ ಅಲ್ಲೇ ಕೂರಿಸಿ ನೋಡಿಕೊಳ್ಳಬೇಕು ಅನ್ನುವ ನಿಯಮ ಇರುವುದು ಅದಕ್ಕೇ. ಆಂಪ್ಯೂಲ್ ತಳದಲ್ಲಿ, ಸಿರಿಂಜ್ ಗೋಡೆಗೆ ಅಂಟಿ ಉಳಿಯುವ ಎಣ್ಣೆಯನ್ನೂ ಮರೆಯಬೇಡಿ. ಒಂದು ಎಂ.ಎಲ್. ಡೋಸ್‌ನಲ್ಲಿ ಸ್ವಲ್ಪ ಉಳಿದರೂ ಲೆಕ್ಕಕ್ಕೆ ಬರುತ್ತದೆ.

ಅನ್‌ಡೆಕನೊಯೇಟ್‌ಗೆ ತಾಳ್ಮೆಯೂ ಬೇಕು. ಮೊದಲನೆಯದಾದ ಆರು ವಾರಕ್ಕೆ ಎರಡನೆಯದು, ಆಮೇಲೆ ಸುಮಾರು ಹನ್ನೆರಡು ವಾರಕ್ಕೊಂದು. ಆರು ವಾರದ ಆ ಎರಡನೇ ಸೂಜಿ ತಪ್ಪಿಸಿ, "ಮೂರು ತಿಂಗಳಿಗೊಂದು ಅಂದಿದ್ದರಲ್ಲ" ಅಂತ ಬಂದರೆ ಮಟ್ಟ ಮೇಲೇಳಲು ತಡವಾಗುತ್ತದೆ. ಮೂರು ನಾಲ್ಕು ಸೂಜಿ ಆಗುವ ತನಕ ಅದರ ಮೇಲೆ ತೀರ್ಪು ಕೊಡಬಾರದು.

ಸರಿ, ಔಷಧಿ ರಕ್ತಕ್ಕೆ ಬಂತು. ಇಲ್ಲಿಂದ ಮುಂದೆ ದೇಹಪ್ರಕೃತಿಯ ಮಾತು.

ರಕ್ತದಲ್ಲಿರುವ ಟೆಸ್ಟೋಸ್ಟೆರಾನ್‌ನಲ್ಲಿ ನೂರಕ್ಕೆ 98 ಭಾಗ ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿರುವುದು ಬರೀ ಎರಡು ಭಾಗ. ಅಂಟಿಸಿಕೊಳ್ಳುವ ಪ್ರೋಟೀನ್‌ಗಳಲ್ಲಿ ಎಸ್‌ಎಚ್‌ಬಿಜಿ ಅನ್ನುವುದು ಬಿಗಿಯಾಗಿ ಹಿಡಿಯುತ್ತದೆ. ಹೊಟ್ಟೆ ಬಂದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಥೈರಾಯ್ಡ್ ಕಡಿಮೆ ಇರುವವರಲ್ಲಿ ಈ ಪ್ರೋಟೀನ್ ಇಳಿಯುತ್ತದೆ. ವಯಸ್ಸಾದಂತೆ, ಥೈರಾಯ್ಡ್ ಜಾಸ್ತಿಯಾದಾಗ, ಯಕೃತ್ತು ಕೆಟ್ಟಾಗ, ಕೆಲವು ಮೂರ್ಛೆ ರೋಗದ ಮಾತ್ರೆಗಳಿಂದ ಅದು ಏರುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ನಲವತ್ತೈದರ ಒಬ್ಬರು, ದೊಡ್ಡ ಹೊಟ್ಟೆ, ಸಕ್ಕರೆ ಕಾಯಿಲೆ. ಒಟ್ಟು ಟೆಸ್ಟೋಸ್ಟೆರಾನ್ 280 ಇದೆ. ಆದರೆ ಹಿಡಿದಿಡುವ ಪ್ರೋಟೀನ್ ಕಡಿಮೆ ಇರುವುದರಿಂದ ಬಿಡಿ ಭಾಗ ಸಾಕಷ್ಟಿದೆ. ಇನ್ನೊಬ್ಬರು ಎಪ್ಪತ್ತರ ಸಣಕಲು ಮನುಷ್ಯ. ಒಟ್ಟು 500 ಇದೆ, ರಿಪೋರ್ಟ್ ಪ್ರಕಾರ ಏನೂ ತೊಂದರೆ ಇಲ್ಲ. ಆದರೆ ಬಿಡಿ ಭಾಗ ಕಡಿಮೆ. ಒಟ್ಟು ಸಂಖ್ಯೆ ಮಾತ್ರ ನೋಡಿದರೆ ಮೊದಲನೆಯವರಿಗೆ ಸೂಜಿ ಸಿಗುತ್ತದೆ, ಎರಡನೆಯವರಿಗೆ ಇಲ್ಲ. ಮೊದಲನೆಯವರಿಗೆ ಉಪಯೋಗ ಕಾಣದಿದ್ದರೆ ಆಶ್ಚರ್ಯ ಏನಿದೆ? ಅವರಲ್ಲಿ ಕೊರತೆಯೇ ಇರಲಿಲ್ಲ.

ಆ ಬಿಡಿ ಟೆಸ್ಟೋಸ್ಟೆರಾನ್ ಕೂಡ ಟೆಸ್ಟೋಸ್ಟೆರಾನ್ ಆಗಿಯೇ ಉಳಿಯುವುದಿಲ್ಲ. ಚರ್ಮ, ಪ್ರಾಸ್ಟೇಟ್‌ನಲ್ಲಿ ಅದು ಡಿಎಚ್‌ಟಿ ಅನ್ನುವ ಇನ್ನೊಂದು ಹಾರ್ಮೋನ್ ಆಗಿ ಬದಲಾಗುತ್ತದೆ. ಗಡ್ಡ, ಮೊಡವೆ, ತಲೆ ಬೋಳಾಗುವುದು, ಇವೆಲ್ಲ ಅದರ ಕೆಲಸ. ಕೊಬ್ಬಿನ ಅಂಗಾಂಶದಲ್ಲಿ ಅದು ಎಸ್ಟ್ರಡಯಾಲ್ ಆಗುತ್ತದೆ, ಅಂದರೆ ನಾವು ಹೆಂಗಸರ ಹಾರ್ಮೋನ್ ಅಂತ ಕರೆಯುವುದು. ಕೊಬ್ಬು ಜಾಸ್ತಿ ಇದ್ದರೆ ಈ ಬದಲಾವಣೆಯೂ ಜಾಸ್ತಿ. ಕೆಲವರಿಗೆ ಎದೆ ಊದುವುದು, ನೋಯುವುದು ಇದರಿಂದಲೇ.

ಹಾಗಂತ ಎಸ್ಟ್ರಡಯಾಲ್ ಗಂಡಸರ ಶತ್ರು ಅಲ್ಲ. 2013ರಲ್ಲಿ ಬಾಸ್ಟನ್‌ನ ಫಿಂಕಲ್‌ಸ್ಟೈನ್ ತಂಡ ಒಂದು ಚೆಂದದ ಪ್ರಯೋಗ ಮಾಡಿತು. ಆರೋಗ್ಯವಂತ ಗಂಡಸರ ಸ್ವಂತ ಹಾರ್ಮೋನ್ ಉತ್ಪಾದನೆ ನಿಲ್ಲಿಸಿ, ಬೇರೆ ಬೇರೆ ಪ್ರಮಾಣದ ಟೆಸ್ಟೋಸ್ಟೆರಾನ್ ಕೊಟ್ಟರು. ಒಂದು ಗುಂಪಿಗೆ ಅದು ಎಸ್ಟ್ರಡಯಾಲ್ ಆಗದ ಹಾಗೆ ಮಾತ್ರೆಯನ್ನೂ ಕೊಟ್ಟರು. ಸ್ನಾಯು ಮತ್ತು ಶಕ್ತಿ ಟೆಸ್ಟೋಸ್ಟೆರಾನ್ ಮೇಲೆ ನಿಂತಿತ್ತು. ಆದರೆ ಎಸ್ಟ್ರಡಯಾಲ್ ತಡೆದವರಲ್ಲಿ ಕೊಬ್ಬು ಏರಿತು, ಲೈಂಗಿಕ ಆಸೆ ಇಳಿಯಿತು. ಈಗ ಜಿಮ್‌ಗಳಲ್ಲಿ ಟೆಸ್ಟೋಸ್ಟೆರಾನ್ ಜೊತೆ ಈ ತಡೆಯುವ ಮಾತ್ರೆಯನ್ನೂ ಸೇರಿಸಿ ಕೊಡುವ 'ಕೋಚ್'ಗಳಿದ್ದಾರೆ. ಸೂಜಿ ತಗೊಂಡೂ ಆಸೆ ಬರುತ್ತಿಲ್ಲ ಅನ್ನುವ ಹುಡುಗರಲ್ಲಿ ಕೆಲವರಿಗೆ ಆ ಮಾತ್ರೆಯೇ ಕಾರಣ. ಇನ್ನು ಜಿಮ್‌ನಲ್ಲಿ ಚೀಟಿ ಇಲ್ಲದೆ ಸಿಗುವ ಬಾಟಲಿಯೊಳಗೆ ಲೇಬಲ್‌ನಲ್ಲಿ ಬರೆದಿದ್ದೇ ಇದೆ ಅಂತ ನಂಬಲು ಯಾವ ಆಧಾರವೂ ಇಲ್ಲ. ಅದರ ಫಲ ಯಾಕೆ ಬದಲಾಗುತ್ತದೆ ಅಂತ ಚರ್ಚೆ ಮಾಡುವುದೇ ದಂಡ.

ಕೊನೆಗೆ ಹಾರ್ಮೋನ್ ಜೀವಕೋಶದೊಳಗೆ ಹೋಗಿ ಅಲ್ಲಿನ ಗ್ರಾಹಕಕ್ಕೆ, ಅಂದರೆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ, ಅಂಟಬೇಕು. ಈ ಗ್ರಾಹಕದ ಜೀನ್‌ನಲ್ಲಿ ಸಿ-ಎ-ಜಿ ಅನ್ನುವ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು. ಕೆಲವರಲ್ಲಿ ಹತ್ತು ಹನ್ನೆರಡು, ಕೆಲವರಲ್ಲಿ ಮೂವತ್ತರ ಹತ್ತಿರ. ಸಾಲು ಉದ್ದವಾದಷ್ಟೂ ಗ್ರಾಹಕ ಸ್ವಲ್ಪ ಮಂದ. ಸಾಲು ತೀರಾ ಉದ್ದವಾಗಿ ನಲವತ್ತರ ಹತ್ತಿರ ದಾಟಿದರೆ ಕೆನಡಿ ಕಾಯಿಲೆ ಅನ್ನುವ ನರ-ಸ್ನಾಯು ರೋಗ ಬರುತ್ತದೆ, ರೋಗಕ್ಕೆ ಈ ಉದ್ದ ಸಾಲೇ ಕಾರಣ ಅಂತ 1991ರಲ್ಲಿ ಕಂಡುಹಿಡಿದರು. ತಮಾಷೆ ಏನೆಂದರೆ ಈ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಕ್ಕಳಿಗೆ ಅದು ಬರುವುದು ತಾಯಿಯಿಂದ. ಅಪ್ಪನ ಮೀಸೆ ನೋಡಿ ಮಗನ ಗಂಡಸುತನ ಅಳೆಯುವವರಿಗೆ ಇದನ್ನು ಹೇಳಿ ನೋಡಿ! ಆದರೆ ದಿನನಿತ್ಯದ ಚಿಕಿತ್ಸೆಯಲ್ಲಿ ಈ ಜೀನ್ ಪರೀಕ್ಷೆಯಿಂದ ಡೋಸ್ ನಿರ್ಧಾರ ಮಾಡುವ ಹಂತಕ್ಕೆ ನಾವು ಬಂದಿಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ.

ಈಗ ಆ ಮೊದಲ ಪ್ರಶ್ನೆಯ ಬೇರಿಗೆ ಬರೋಣ. ಆ ಮನುಷ್ಯನಿಗೆ ಇದ್ದ ತೊಂದರೆ ಏನು?

ಕ್ಲೈನ್‌ಫೆಲ್ಟರ್ ಅನ್ನುವ ಸ್ಥಿತಿಯಲ್ಲಿ ಹುಡುಗನಿಗೆ ಒಂದು ಎಕ್ಸ್ ವರ್ಣತಂತು ಹೆಚ್ಚು ಇರುತ್ತದೆ. ಐನೂರು ಆರುನೂರು ಗಂಡುಮಕ್ಕಳಲ್ಲಿ ಒಬ್ಬರಿಗೆ. ಎಷ್ಟೋ ಜನಕ್ಕೆ ಜೀವನಪೂರ್ತಿ ಗೊತ್ತೇ ಆಗುವುದಿಲ್ಲ. ಮಂಗನಬಾವು ಬಂದು ವೃಷಣ ಕೆಟ್ಟವರಿದ್ದಾರೆ. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆಗೆ ಪದೇ ಪದೇ ರಕ್ತ ಏರಿಸಿಕೊಂಡು ಕಬ್ಬಿಣ ತುಂಬಿ, ವೃಷಣಕ್ಕೆ ಆಜ್ಞೆ ಕಳಿಸುವ ಪಿಟ್ಯುಟರಿ ಗ್ರಂಥಿ ಸೋತವರಿದ್ದಾರೆ. ಇವರಲ್ಲಿ ಕೊರತೆ ನಿಜ, ದೊಡ್ಡದು. ಇವರಿಗೆ ಸರಿಯಾಗಿ ಸೂಜಿ ಕೊಟ್ಟರೆ ಫಲ ಕಣ್ಣಿಗೆ ಕಾಣುತ್ತದೆ. ಮೀಸೆ ಗಡ್ಡ ಬರುತ್ತದೆ, ಮೂಳೆ ಗಟ್ಟಿಯಾಗುತ್ತದೆ, ರಕ್ತಹೀನತೆ ಹೋಗುತ್ತದೆ.

ನಮ್ಮ ಕಡೆಯದ್ದೇ ಆದ ಒಂದು ಕಾರಣ ಹೇಳಬೇಕು. ಕೊಳಕುಮಂಡಲ ಹಾವು. ಹೊಲದಲ್ಲಿ, ತೋಟದಲ್ಲಿ ಕೆಲಸ ಮಾಡುವವರನ್ನು ಕಚ್ಚುವ ಹಾವುಗಳಲ್ಲಿ ಇದು ಮುಖ್ಯವಾದದ್ದು. ಇದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಕಿಡ್ನಿ ಕೈಕೊಡುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಎಂದರೆ, ಬದುಕುಳಿದ ಕೆಲವರಲ್ಲಿ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯೂ ಹಾಳಾಗಿರುತ್ತದೆ. ಬರ್ಮಾದ ವೈದ್ಯರು 1980ರ ದಶಕದಲ್ಲಿ ಇದನ್ನು ವಿವರವಾಗಿ ಬರೆದರು, ದಕ್ಷಿಣ ಭಾರತದಿಂದಲೂ ವರದಿಗಳಿವೆ. ಹಾವು ಕಚ್ಚಿದ್ದು ಮರೆತುಹೋಗಿರುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಸುಸ್ತು, ಚಳಿ ತಡೆಯಲಾಗದಿರುವುದು, ಗಡ್ಡ ಕಡಿಮೆಯಾಗುವುದು, ಆಸೆ ಇಲ್ಲದಿರುವುದು. ಪರೀಕ್ಷೆ ಮಾಡಿದರೆ ಟೆಸ್ಟೋಸ್ಟೆರಾನ್ ಕಡಿಮೆ. ಸೂಜಿ ಶುರು. ಆದರೆ ಪಿಟ್ಯುಟರಿ ಸೋತಿದ್ದರೆ ಜೀವ ಹಿಡಿದಿಡುವ ಕಾರ್ಟಿಸಾಲ್ ಹಾರ್ಮೋನ್ ಇಲ್ಲ, ಥೈರಾಯ್ಡ್ ಹಾರ್ಮೋನ್ ಇಲ್ಲ. ಅವನ್ನು ಕೊಡದೆ ಬರೀ ಟೆಸ್ಟೋಸ್ಟೆರಾನ್ ಚುಚ್ಚಿದರೆ ಸುಸ್ತು ಎಲ್ಲಿಂದ ಹೋಗಬೇಕು? ಮೊದಲು ಕಾರ್ಟಿಸಾಲ್, ಆಮೇಲೆ ಥೈರಾಯ್ಡ್, ಆಮೇಲೆ ಉಳಿದದ್ದು. ಈ ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ. ಸೂಜಿ ಕೆಲಸ ಮಾಡದ ರೈತನೊಬ್ಬ ಎದುರಿಗೆ ಕೂತಿದ್ದರೆ, "ಯಾವತ್ತಾದರೂ ಹಾವು ಕಚ್ಚಿತ್ತಾ?" ಅಂತ ಕೇಳುವುದು ಡೋಸ್ ಏರಿಸುವುದಕ್ಕಿಂತ ಒಳ್ಳೆಯ ವೈದ್ಯಕೀಯ.

ಇನ್ನೊಂದು ದೊಡ್ಡ ಗುಂಪು ನಗರದ್ದು. ಹೊಟ್ಟೆ, ಸಕ್ಕರೆ, ನಿದ್ದೆಯಲ್ಲಿ ಗೊರಕೆ ಮತ್ತು ಉಸಿರು ಕಟ್ಟುವುದು, ದಿನಕ್ಕೆ ಐದು ಗಂಟೆ ನಿದ್ದೆ, ಒತ್ತಡ. ಇವರಲ್ಲಿ ಟೆಸ್ಟೋಸ್ಟೆರಾನ್ ಸ್ವಲ್ಪ ಇಳಿದಿರುತ್ತದೆ. ಸುಸ್ತಿಗೆ ಅದು ಕಾರಣವೋ, ಎರಡೂ ಬೇರೆ ಯಾವುದರದ್ದೋ ಪರಿಣಾಮವೋ ಅಂತ ನೋಡಬೇಕು. ಇವರಲ್ಲೇ ಫಲ ಅತಿ ಹೆಚ್ಚು ಏರುಪೇರು. ಅಮೆರಿಕದಲ್ಲಿ 65 ದಾಟಿದ, ಮಟ್ಟ 275ಕ್ಕಿಂತ ಕಡಿಮೆ ಇದ್ದ 790 ಗಂಡಸರಿಗೆ ಒಂದು ವರ್ಷ ಟೆಸ್ಟೋಸ್ಟೆರಾನ್ ಅಥವಾ ಹೋಲಿಕೆಗಾಗಿ ಔಷಧಿ ಅಂಶವೇ ಇಲ್ಲದ ಸುಳ್ಳು ಔಷಧಿ ಕೊಟ್ಟು ನೋಡಿದರು. ಫಲಿತಾಂಶ 2016ರಲ್ಲಿ ಬಂತು. ಅಲ್ಲಿ ಕೊಟ್ಟಿದ್ದು ಸೂಜಿ ಅಲ್ಲ, ಚರ್ಮಕ್ಕೆ ಹಚ್ಚುವ ಜೆಲ್. ಲೈಂಗಿಕ ಆಸೆ, ಚಟುವಟಿಕೆ ಸಾಧಾರಣ ಮಟ್ಟಕ್ಕೆ ಸುಧಾರಿಸಿತು. ಮನಸ್ಸು ಸ್ವಲ್ಪ ಹಗುರವಾಯಿತು. ಆದರೆ ಸುಸ್ತು ಹೋಗಬೇಕು ಅಂತ ಬಂದವರಿಗೆ, ಸುಸ್ತಿನ ಅಳತೆಗೋಲಿನಲ್ಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಅಂದರೆ ನೀವು ಯಾವ ದೂರು ಹೊತ್ತು ಬಂದಿರಿ ಅನ್ನುವುದರ ಮೇಲೆ, ಅದೇ ಔಷಧಿ ಗೆದ್ದಂತೆಯೂ ಕಾಣುತ್ತದೆ, ಸೋತಂತೆಯೂ ಕಾಣುತ್ತದೆ.

ಸಮಯವೂ ಅಷ್ಟೇ. ಆಸೆ ಮರಳಲು ಮೂರರಿಂದ ಆರು ವಾರ. ನಿಮಿರುವಿಕೆಗೆ ಕೆಲವರಿಗೆ ಆರು ತಿಂಗಳು. ಸ್ನಾಯು ಮತ್ತು ಕೊಬ್ಬಿನ ಬದಲಾವಣೆಗೆ ಮೂರು ನಾಲ್ಕು ತಿಂಗಳು. ಮೂಳೆಗೆ ವರ್ಷಗಳು. ಎರಡನೇ ತಿಂಗಳಿಗೆ "ಬೈಸೆಪ್ಸ್ ಬರಲಿಲ್ಲ" ಅಂತ ಬಿಟ್ಟವರಿದ್ದಾರೆ. ವ್ಯಾಯಾಮ ಇಲ್ಲದೆ ಬರುವುದೂ ಕಷ್ಟ. ನಿಮಿರುವಿಕೆಯ ತೊಂದರೆ ಸಕ್ಕರೆ ಕಾಯಿಲೆಯಿಂದ ಕೆಟ್ಟ ರಕ್ತನಾಳ, ನರಗಳದ್ದಾದರೆ ಹಾರ್ಮೋನ್ ಎಷ್ಟು ಕೊಟ್ಟರೂ ಪೂರ್ತಿ ಸರಿಹೋಗದು.

ಸ್ವಲ್ಪ ದಾರಿ ತಪ್ಪಿ ಒಂದು ಕಥೆ. 1889ರಲ್ಲಿ ಪ್ಯಾರಿಸ್‌ನಲ್ಲಿ ಬ್ರೌನ್-ಸೆಕ್ವಾರ್ ಅನ್ನುವ ದೊಡ್ಡ ಶರೀರವಿಜ್ಞಾನಿ, ಆಗ ಅವರಿಗೆ 72 ವರ್ಷ, ನಾಯಿ ಮತ್ತು ಗಿನಿಪಿಗ್‌ಗಳ ವೃಷಣದ ರಸ ತೆಗೆದು ತಾವೇ ಚುಚ್ಚಿಕೊಂಡರು. ಶಕ್ತಿ ಮರಳಿತು, ಮೆಟ್ಟಿಲು ಹತ್ತುವುದು ಸುಲಭವಾಯಿತು, ಮೂತ್ರದ ಧಾರೆ ದೂರ ಬೀಳುತ್ತಿದೆ ಅಂತ ವಿದ್ವಾಂಸರ ಸಭೆಯಲ್ಲೇ ಹೇಳಿದರು. ಯುರೋಪು, ಅಮೆರಿಕದಲ್ಲೆಲ್ಲ ಅದಕ್ಕೆ ನೂಕುನುಗ್ಗಲು. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ವಿಧಾನದಲ್ಲಿ ರಸ ತಯಾರಿಸಿ ಅಳೆದರು. ಅದರಲ್ಲಿದ್ದ ಟೆಸ್ಟೋಸ್ಟೆರಾನ್ ಏನೂ ಪರಿಣಾಮ ಮಾಡಲಾಗದಷ್ಟು ಕಡಿಮೆ. ಟೆಸ್ಟೋಸ್ಟೆರಾನ್ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಆದರೂ ಆ ಮುದುಕರಿಗೆ ಮೆಟ್ಟಿಲು ಹಗುರಾಗಿದ್ದು ಸುಳ್ಳಲ್ಲ. ನಂಬಿಕೆಗೆ ಅಷ್ಟು ಬಲ ಇದೆ. ಇವತ್ತಿನ ಇಂಜೆಕ್ಷನ್‌ನಲ್ಲೂ ಮೊದಲ ಒಂದೆರಡು ವಾರದ "ಸೂಪರ್" ಅನುಭವದಲ್ಲಿ ಎಷ್ಟು ಔಷಧಿಯದ್ದು, ಎಷ್ಟು ನಿರೀಕ್ಷೆಯದ್ದು ಅಂತ ಬಿಡಿಸುವುದು ಕಷ್ಟ. ಆಮೇಲೆ ಆ ಹುರುಪು ಇಳಿದಾಗ "ದೇಹಕ್ಕೆ ಅಭ್ಯಾಸವಾಯಿತು, ಜಾಸ್ತಿ ಬೇಕು" ಅಂತ ಬರುತ್ತಾರೆ.

ಜಾಸ್ತಿ ಕೊಟ್ಟರೆ ಏನಾಗುತ್ತದೆ? 2001ರಲ್ಲಿ ಭಾಸಿನ್ ಅವರ ತಂಡ ಯುವಕರಿಗೆ ವಾರಕ್ಕೆ 25ರಿಂದ 600 ಮಿಲಿಗ್ರಾಂವರೆಗೆ ಐದು ಬೇರೆ ಡೋಸ್‌ಗಳನ್ನು ಇಪ್ಪತ್ತು ವಾರ ಕೊಟ್ಟಿತು. ಡೋಸ್ ಏರಿದಂತೆ ಸ್ನಾಯು ಏರಿತು, ನಿಜ. ಜೊತೆಗೆ ಒಳ್ಳೆಯ ಕೊಲೆಸ್ಟರಾಲ್ ಇಳಿಯಿತು, ರಕ್ತ ದಪ್ಪವಾಯಿತು. ರಕ್ತ ದಪ್ಪ ಅಂದರೆ ಕೆಂಪು ಕಣಗಳ ಪಾಲು, ಹೆಮಟೋಕ್ರಿಟ್, ಏರುವುದು. ಅದು 54 ದಾಟಿದರೆ ಚಿಕಿತ್ಸೆ ನಿಲ್ಲಿಸಿ ಕಾರಣ ನೋಡಬೇಕು. ಇದರಲ್ಲೂ ಜನರಿಂದ ಜನಕ್ಕೆ ವ್ಯತ್ಯಾಸ. ಬೀಡಿ ಸಿಗರೇಟು ಸೇದುವವರಲ್ಲಿ, ನಿದ್ದೆಯಲ್ಲಿ ಉಸಿರು ಕಟ್ಟುವವರಲ್ಲಿ ಬೇಗ ಏರುತ್ತದೆ. ಜೆಲ್‌ಗಿಂತ ಸೂಜಿಯಲ್ಲಿ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಸುಮಾರು ಸಾವಿರ ಜನರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನ ಸೂಜಿಯಿಂದ ರಕ್ತ ದಪ್ಪವಾಗುವುದನ್ನು ಚೆನ್ನಾಗಿ ತೋರಿಸಿತು. ಎಲ್ಲರಿಗೂ ಆಹಾರ, ವ್ಯಾಯಾಮದ ಕಾರ್ಯಕ್ರಮ. ಅರ್ಧ ಜನರಿಗೆ ಅನ್‌ಡೆಕನೊಯೇಟ್ ಸೂಜಿ, ಉಳಿದವರಿಗೆ ಸುಳ್ಳು ಸೂಜಿ. ಎರಡು ವರ್ಷದ ಕೊನೆಗೆ ಸಕ್ಕರೆ ಕಾಯಿಲೆ ಇದ್ದವರು ಸೂಜಿ ಗುಂಪಿನಲ್ಲಿ ನೂರಕ್ಕೆ 12, ಇನ್ನೊಂದರಲ್ಲಿ 21. ಒಳ್ಳೆಯ ಸುದ್ದಿಯೇ. ಆದರೆ ಸೂಜಿ ಗುಂಪಿನಲ್ಲಿ ನೂರಕ್ಕೆ 22 ಜನರ ಹೆಮಟೋಕ್ರಿಟ್ 54ರ ಗೆರೆ ಮುಟ್ಟಿತ್ತು. ಇನ್ನೊಂದರಲ್ಲಿ ನೂರಕ್ಕೆ ಒಬ್ಬರದ್ದು. ನನಗೆ ಈ ಎರಡನೇ ಸಂಖ್ಯೆ ಮೊದಲನೆಯದಕ್ಕಿಂತ ಜಾಸ್ತಿ ಕಾಡುತ್ತದೆ. ಸೂಜಿ ಶುರುವಾದ ಮೂರರಿಂದ ಆರು ತಿಂಗಳೊಳಗೆ ರಕ್ತದ ಈ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ವಯಸ್ಸಾದವರಿಗೆ ಪ್ರಾಸ್ಟೇಟ್‌ನ ಪಿಎಸ್‌ಎ ರಕ್ತ ಪರೀಕ್ಷೆ ಕೂಡ.

ಕೊನೆಯದಾಗಿ, ಚೀಟಿ ಕಳಿಸಿ ಕೇಳಿದ ಪ್ರಶ್ನೆ: "ಮಕ್ಕಳಾಗಬೇಕು, ಅದಕ್ಕೆ ಈ ಸೂಜಿ ತಗೊಳ್ಳಬಹುದಾ?" ಬೇಡ. ಸೂಜಿಯ ಟೆಸ್ಟೋಸ್ಟೆರಾನ್ ಬಂದ ಕೂಡಲೇ ಪಿಟ್ಯುಟರಿ "ಸಾಕಷ್ಟಿದೆ" ಅಂತ ವೃಷಣಕ್ಕೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ವೀರ್ಯಾಣು ಉತ್ಪಾದನೆ ಕುಸಿಯುತ್ತದೆ. ಇದನ್ನು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದಾ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಪ್ರಯೋಗ ಮಾಡಿತ್ತು, 1990ರಲ್ಲಿ ಫಲಿತಾಂಶ ಬಂತು. ವಾರಕ್ಕೆ 200 ಮಿಲಿಗ್ರಾಂ ಎನಾಂಥೇಟ್. ಆರು ತಿಂಗಳಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರ ವೀರ್ಯದಲ್ಲಿ ವೀರ್ಯಾಣು ಒಂದೂ ಇರಲಿಲ್ಲ. ಏಷ್ಯಾದ ಕೇಂದ್ರಗಳಲ್ಲಿ ಹತ್ತಕ್ಕೆ ಒಂಬತ್ತು ಜನರಲ್ಲಿ ಹಾಗಾದರೆ ಉಳಿದ ಕಡೆ ಹತ್ತಕ್ಕೆ ಆರು. ಅದೇ ಔಷಧಿ, ಅದೇ ಡೋಸ್, ಅದೇ ವಾರದ ಲೆಕ್ಕ. ಯಾಕೆ ಹೀಗೆ ಅನ್ನುವುದಕ್ಕೆ ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ.

ನಿಲ್ಲಿಸಿದರೆ ಮರಳುತ್ತದಾ? ಇಂಥ ಗರ್ಭನಿರೋಧಕ ಪ್ರಯೋಗಗಳಲ್ಲಿ ಭಾಗವಹಿಸಿದ ಆರೋಗ್ಯವಂತರಲ್ಲಿ ಆರು ತಿಂಗಳಿಗೆ ಮೂರರಲ್ಲಿ ಎರಡು ಪಾಲು ಜನರಿಗೆ, ಒಂದು ವರ್ಷಕ್ಕೆ ಹತ್ತಕ್ಕೆ ಒಂಬತ್ತು ಜನರಿಗೆ ವೀರ್ಯಾಣು ಸಂಖ್ಯೆ ಮರಳಿತು. ಕೆಲವರಿಗೆ ಎರಡು ವರ್ಷ ಹಿಡಿಯಿತು. ಜಿಮ್‌ನಲ್ಲಿ ವರ್ಷಗಟ್ಟಲೆ ದೊಡ್ಡ ಡೋಸ್ ತಗೊಂಡವರಿಗೆ ಈ ಲೆಕ್ಕವನ್ನು ಹೊಂದಿಸಲಾಗದು. ಪಿಟ್ಯುಟರಿ ತೊಂದರೆಯಿಂದ ಕೊರತೆ ಇರುವವರಿಗೆ ಮಕ್ಕಳು ಬೇಕಿದ್ದರೆ ಎಚ್‌ಸಿಜಿ, ಎಫ್‌ಎಸ್‌ಎಚ್ ಅನ್ನುವ ಬೇರೆ ಇಂಜೆಕ್ಷನ್‌ಗಳಿವೆ, ಅವು ವೃಷಣವನ್ನೇ ಎಬ್ಬಿಸುತ್ತವೆ. ಕ್ಲೈನ್‌ಫೆಲ್ಟರ್ ಇರುವ ಹುಡುಗರಲ್ಲೂ ಕೆಲವರ ವೃಷಣದಲ್ಲಿ ವೀರ್ಯಾಣು ಹುಡುಕಿ ತೆಗೆಯಲು ಸಾಧ್ಯವಿದೆ. ಹಾಗಾಗಿ ಮದುವೆ, ಮಕ್ಕಳ ಮಾತನ್ನು ಮೊದಲ ಸೂಜಿಗಿಂತ ಮುಂಚೆ ಎತ್ತಿ. ವೀರ್ಯ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಸಂಗ್ರಹಿಸಿ ಇಡಿಸಿ. ವೈದ್ಯರು ಕೇಳದಿದ್ದರೆ ನೀವೇ ಹೇಳಿ.